ಐವರು ಗೆಳೆಯರಿಗೆ ಒಂದು ಐಸ್ ಬಾಕ್ಸ್: ಒಂದು ಬೇಸಿಗೆ ಬಳಸಿದ ಮೇಲೆ

ಬೇಸಿಗೆಯ ವಾರಾಂತ್ಯಗಳಲ್ಲಿ ಹತ್ತಿರದ ಕೆರೆಯಂಗಳಕ್ಕೋ ತೋಪಿಗೋ ಹೊರಡುವ ನಮ್ಮ ಐವರ ಗುಂಪಿನಲ್ಲಿ ಹೋಗುವ ಜಾಗದ ಬಗ್ಗೆ ಎಂದೂ ಜಗಳವಾಗಿಲ್ಲ. ಜಗಳವೆಲ್ಲ ಮಧ್ಯಾಹ್ನದ ಬುತ್ತಿಯದ್ದು. ಬೆಳಿಗ್ಗೆ ತಂಪಾಗಿ ಕಟ್ಟಿಕೊಂಡು ಹೋದ ಹಣ್ಣಿನ ಹೋಳುಗಳು ಊಟದ ಹೊತ್ತಿಗೆ ನೀರೊಡೆದು ಮೆತ್ತಗಾಗಿರುತ್ತಿದ್ದವು, ಪಾನಕದ ಬಾಟಲಿ ಬಿಸಿನೀರಿನ ಬಾಟಲಿಯಂತಾಗಿರುತ್ತಿತ್ತು, ಬೇಯಿಸಿದ ಮೊಟ್ಟೆಯನ್ನು ತಿನ್ನಬಹುದೇ ಬೇಡವೇ ಎಂದು ಮೂಸಿ ನೋಡುವ ಕೆಲಸ ಪ್ರತಿ ಬಾರಿಯೂ ನನ್ನ ಪಾಲಿಗೆ ಬರುತ್ತಿತ್ತು. ಈ ಬೇಸಿಗೆಯ ಆರಂಭದಲ್ಲಿ ಎಲ್ಲರೂ ಸೇರಿ ಹಣ ಹಾಕಿ 25 ಲೀಟರಿನ, ಗಟ್ಟಿ ಪ್ಲಾಸ್ಟಿಕ್ ಹೊದಿಕೆಯ ಒಂದು ಐಸ್ ಬಾಕ್ಸ್ ಕೊಂಡೆವು. ಅದನ್ನು ಇಡೀ ಬೇಸಿಗೆ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ಮೊದಲೇ ಹೇಳಿಬಿಡುತ್ತೇನೆ: ಐಸ್ ಬಾಕ್ಸ್ ಫ್ರಿಜ್ ಅಲ್ಲ. ಅದು ತಂಪನ್ನು ಹುಟ್ಟಿಸುವುದಿಲ್ಲ, ನಾವು ತುಂಬಿಕೊಟ್ಟ ತಂಪನ್ನು ಕಾಯುತ್ತದೆ, ಅಷ್ಟೇ. ಮೊದಲ ಶನಿವಾರ ಇದನ್ನು ತಿಳಿಯದೆ, ಬಿಸಿಲಿಗೆ ಕಾದಿದ್ದ ಖಾಲಿ ಪೆಟ್ಟಿಗೆಗೆ ಕೋಣೆಯ ಉಷ್ಣತೆಯಲ್ಲಿದ್ದ ಬಾಟಲಿಗಳನ್ನು ಜೋಡಿಸಿ, ಮೇಲೊಂದು ಹಿಡಿ ಐಸ್ ಕ್ಯೂಬ್ ಸುರಿದುಕೊಂಡು ಹೋದೆವು. ಎರಡು ಗಂಟೆಯೊಳಗೆ ಐಸೂ ಇರಲಿಲ್ಲ, ತಂಪೂ ಇರಲಿಲ್ಲ. ಪೆಟ್ಟಿಗೆಯನ್ನು ಬೈದುಕೊಂಡು ಮನೆಗೆ ಬಂದೆವು. ತಪ್ಪು ನಮ್ಮದೇ ಆಗಿತ್ತು.

0 ಡಿಗ್ರಿಯಲ್ಲಿರುವ ಒಂದು ಕಿಲೋ ಐಸ್ ಪೂರ್ತಿ ಕರಗಿ ಅದೇ ಉಷ್ಣತೆಯ ನೀರಾಗಲು ಸುಮಾರು 334 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಅಷ್ಟೇ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿಯವರೆಗೆ ಕಾಯಿಸಲು ಬೇಕಾಗುವ ಶಾಖವೂ ಹೆಚ್ಚುಕಡಿಮೆ ಇಷ್ಟೇ. ಇಂಥ ಬಂಡವಾಳವನ್ನು ಪೆಟ್ಟಿಗೆಯ ಬಿಸಿ ಗೋಡೆಗಳನ್ನೂ ಬಾಟಲಿಗಳನ್ನೂ ತಣಿಸುವುದಕ್ಕೇ ಖರ್ಚು ಮಾಡಿದರೆ ದಾರಿಗೆ ಏನು ಉಳಿದೀತು? ಎರಡನೇ ವಾರದಿಂದ ಶುಕ್ರವಾರ ರಾತ್ರಿಯೇ ಎಲ್ಲ ತಿನಿಸು, ಪಾನೀಯಗಳನ್ನು ಫ್ರಿಜ್‌ನಲ್ಲಿಟ್ಟು, ಪೆಟ್ಟಿಗೆಯೊಳಗೂ ಒಂದೆರಡು ಐಸ್ ಬಾಟಲಿ ಇಟ್ಟು ಮುಚ್ಚಿಟ್ಟೆವು. ಬೆಳಿಗ್ಗೆ ಹಳೆಯ ಬಾಟಲಿ ತೆಗೆದು ಹೊಸದನ್ನು ತುಂಬಿದೆವು. ಅಂದು ಸಂಜೆ ಐದಕ್ಕೆ ಮನೆಗೆ ಮರಳಿದಾಗಲೂ ಬಾಟಲಿಯ ನಡುವೆ ಮುಷ್ಟಿಗಾತ್ರದ ಗಡ್ಡೆ ತೇಲುತ್ತಿತ್ತು.

ಬಾಟಲಿಯಲ್ಲಿ ಐಸ್ ಕಟ್ಟುವುದು ನಮ್ಮ ಮಟ್ಟಿಗೆ ಈ ಪೆಟ್ಟಿಗೆಯ ಜೊತೆ ಕಲಿತ ಅತ್ಯಂತ ಉಪಯುಕ್ತ ವಿದ್ಯೆ. ಸಣ್ಣ ಕ್ಯೂಬ್‌ಗಳಿಗೆ ಗಾಳಿ ತಾಗುವ ಮೈ ಹೆಚ್ಚು, ಆದ್ದರಿಂದ ಬೇಗ ಕರಗುತ್ತವೆ; ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ, ಕರಗಿದ ನೀರು ಬಾಟಲಿಯಲ್ಲೇ ಉಳಿದು ಕುಡಿಯಲೂ ಆಗುತ್ತದೆ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ ಬಾಟಲಿಯನ್ನು ಕಂಠದವರೆಗೆ ತುಂಬಬಾರದು. ತುಂಬಿ ಫ್ರೀಜರಿನಲ್ಲಿಟ್ಟು ಬಾಟಲಿ ಸೀಳಿಸಿಕೊಂಡ ಮಹಾನುಭಾವ ನಮ್ಮ ಗುಂಪಿನಲ್ಲೇ ಇದ್ದಾನೆ. ತಣ್ಣನೆಯ ಗಾಳಿ ಕೆಳಗಿಳಿಯುವುದರಿಂದ ಒಂದೆರಡು ಬಾಟಲಿಗಳನ್ನಾದರೂ ತಿನಿಸಿನ ಮೇಲೆ ಅಡ್ಡಡ್ಡಲಾಗಿ ಇಡುವುದು ಒಳ್ಳೆಯದು. ಪೆಟ್ಟಿಗೆಯಲ್ಲಿ ಖಾಲಿ ಜಾಗ ಉಳಿದರೆ ಅಲ್ಲಿ ಟವೆಲ್ಲನ್ನಾದರೂ ತುರುಕಬೇಕು, ಇಲ್ಲವಾದರೆ ಪ್ರತಿ ಬಾರಿ ಮುಚ್ಚಳ ತೆರೆದಾಗಲೂ ಅಷ್ಟು ಜಾಗಕ್ಕೆ ಬಿಸಿಗಾಳಿ ನುಗ್ಗುತ್ತದೆ.

ಇನ್ನು ಪೆಟ್ಟಿಗೆಯ ಗುಣದೋಷಗಳು. ಗೋಡೆಯೊಳಗೆ ತುಂಬಿರುವ ಪಾಲಿಯುರೆಥೇನ್ ಫೋಮ್ ಅದೇ ದಪ್ಪದ ಥರ್ಮೋಕೋಲಿಗಿಂತ ಚೆನ್ನಾಗಿ ಶಾಖವನ್ನು ತಡೆಯುತ್ತದೆ, ಈ ವಿಷಯದಲ್ಲಿ ನನಗೆ ದೂರಿಲ್ಲ. ಮುಚ್ಚಳದ ಅಂಚಿನ ರಬ್ಬರ್ ಪಟ್ಟಿಯನ್ನು ಪರೀಕ್ಷಿಸಲು ಕಾಗದದ ಚೂರೊಂದನ್ನು ನಡುವೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿದೆ. ಮೂರು ಬದಿಯಲ್ಲಿ ಕಾಗದ ಹರಿಯುವಷ್ಟು ಬಿಗಿ ಇತ್ತು, ಕೊಂಡಿಯಿಲ್ಲದ ಹಿಂಬದಿಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂತು. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಈ ಪರೀಕ್ಷೆಯನ್ನು ನಾವು ಕೊಂಡು ಎರಡು ತಿಂಗಳಾದ ಮೇಲೆ ಮಾಡಿದೆವು. ಅದಕ್ಕಿಂತ ಬೇಸರ ತಂದದ್ದು ತಳದ ನೀರು ಬಿಡುವ ಬಿರಡೆ. ಅದರ ವಾಷರ್ ಮೂರನೇ ವಾರಕ್ಕೇ ಸಡಿಲವಾಗಿ, ಕಾರಿನ ಡಿಕ್ಕಿಯಲ್ಲಿ ಪಕ್ಕಕ್ಕಿಟ್ಟಿದ್ದ ಬ್ರೆಡ್ಡಿನ ಚೀಲ ಪೂರ್ತಿ ನೆನೆದುಹೋಗಿತ್ತು. ಮಾರಿದವರಿಗೆ ತಿಳಿಸಿದಾಗ ಬಿಡಿಭಾಗ ಬಂದಿಲ್ಲ ಎಂಬ ಉತ್ತರ ಬಂತು. ಕೊನೆಗೆ ನಲ್ಲಿಗೆ ಹಾಕುವ ಸಾಮಾನ್ಯ ವಾಷರ್ ಹಾಕಿಕೊಂಡೆವು, ಅದು ಈವರೆಗೂ ಸೋರಿಲ್ಲ.

ಹೊರುವುದು ಸುಲಭವಲ್ಲ. ಐಸ್, ಪಾನೀಯ, ತಿನಿಸು ತುಂಬಿದರೆ ತೂಕ 20 ಕಿಲೋ ಮುಟ್ಟುತ್ತದೆ, ಹಿಡಿಯಂತೂ ಬೆರಳಿಗೆ ಒತ್ತುತ್ತದೆ. ಗಾಡಿ ನಿಲ್ಲಿಸಿದಲ್ಲಿಂದ ಮರದ ನೆರಳಿಗೆ ಇಬ್ಬರು ಹಿಡಿದುಕೊಂಡು ಹೋದರೂ ನಡುವೆ ಒಮ್ಮೆ ಕೆಳಗಿಟ್ಟು ಕೈ ಬದಲಿಸಲೇಬೇಕು. ಬೆಟ್ಟ ಹತ್ತುವವರಿಗೆ, ಒಬ್ಬಿಬ್ಬರೇ ಹೋಗುವವರಿಗೆ ಬಟ್ಟೆಯ ಕೂಲರ್ ಬ್ಯಾಗ್ ಸಾಕು. ಅದು ಅರ್ಧ ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರಾಯಿತು.

ರುಚಿಗಿಂತಲೂ ಆರೋಗ್ಯದ ಲೆಕ್ಕದಲ್ಲಿ ಈ ಪೆಟ್ಟಿಗೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಆಹಾರವನ್ನು ಕೆಡಿಸುವ ಮತ್ತು ಹೊಟ್ಟೆಗೆ ತೊಂದರೆ ಕೊಡುವ ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಚುರುಕಾಗಿ ಬೆಳೆಯುತ್ತವೆ. ಬೇಗ ಕೆಡುವ ತಿನಿಸನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು, ಹೊರಗಿನ ಉಷ್ಣತೆ 32 ಡಿಗ್ರಿ ದಾಟಿದ್ದರೆ 1 ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಒಳಗೊಂದು ಚಿಕ್ಕ ಥರ್ಮಾಮೀಟರ್ ಇಟ್ಟು ನೋಡಿದಾಗ, ನೆರಳಿನಲ್ಲಿಟ್ಟ ಪೆಟ್ಟಿಗೆ ಮಧ್ಯಾಹ್ನ ಒಂದರವರೆಗೂ 5 ಡಿಗ್ರಿಯೊಳಗೇ ಇತ್ತು. ಆಮೇಲೆ ಮುಳ್ಳು ಮೇಲೇರಿದ್ದಕ್ಕೆ ಕಾರಣ ಬಿಸಿಲಲ್ಲ, ನಮ್ಮ ಕೈಗಳು. ಐವರಲ್ಲಿ ಒಬ್ಬ ಪಾನೀಯಕ್ಕೆ, ಇನ್ನೊಬ್ಬ ಹಣ್ಣಿಗೆ, ಮತ್ತೊಬ್ಬ ಏನಿದೆ ಎಂದು ಸುಮ್ಮನೆ ನೋಡುವುದಕ್ಕೆ ಮುಚ್ಚಳ ತೆರೆಯುತ್ತಲೇ ಇದ್ದರು. ಅಂದಿನಿಂದ ಪಾನೀಯಗಳಿಗೆ ಹಳೆಯ ಥರ್ಮೋಕೋಲ್ ಡಬ್ಬವನ್ನು ಬೇರೆಯಾಗಿ ಒಯ್ಯುತ್ತೇವೆ. ಅದನ್ನು ಯಾರು ಎಷ್ಟು ಸಲ ತೆರೆದರೂ ಊಟಕ್ಕೆ ಕುತ್ತಿಲ್ಲ.

ನಾಲ್ಕರಿಂದ ಆರು ಜನ ಹಗಲೆಲ್ಲ ಹೊರಗಿದ್ದು ಒಟ್ಟಿಗೆ ಕುಳಿತು ಉಣ್ಣುವವರಾದರೆ ಈ ಗಾತ್ರದ ಗಟ್ಟಿ ಪೆಟ್ಟಿಗೆಯನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಬಿರಡೆಯಿಲ್ಲದ ಮಾದರಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ನೀರು ಸುರಿಯಲು ಪೆಟ್ಟಿಗೆಯನ್ನು ಮಗುಚಿದರಾಯಿತು. ಬಳಸಿದ ಮೇಲೆ ಸೋಪುನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ, ಮುಚ್ಚಳದ ಸಂದಿಗೆ ಮರದ ಚೂರೊಂದನ್ನು ಸಿಕ್ಕಿಸಿ ಗಾಳಿಯಾಡಲು ಬಿಡಬೇಕು. ಒಮ್ಮೆ ಬಿಗಿಯಾಗಿ ಮುಚ್ಚಿಟ್ಟು ಮುಂದಿನ ಶನಿವಾರ ತೆರೆದಾಗ ಬಂದ ಮುಗ್ಗಲು ವಾಸನೆ ಹೋಗಲು ಎರಡು ಸಲ ತೊಳೆಯಬೇಕಾಯಿತು.