ಅಮೆರಿಕದ ಕಾಲೇಜ್ ಸ್ವಿಮ್ಮಿಂಗ್ ಟೀಮ್ ಹುಡುಕೋಕೆ ಒಂದೂವರೆ ಲಕ್ಷದ ಪ್ರೊಫೈಲಾ, ಪುಕ್ಸಟ್ಟೆ ಈಮೇಲಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಸ್ವಿಮ್‌ಕ್ಲೌಡ್ (ಈಜೋರ ಟೈಮಿಂಗು, ಕಾಲೇಜ್ ಟೀಮ್‌ಗಳ ವಿವರ ಇರೋ ವೆಬ್‌ಸೈಟ್) ನೋಡ್ಕೊಂಡು ನಾವೇ ಕೂತು ಕೋಚ್‌ಗಳಿಗೆ ಬರೆಯೋ ಈಮೇಲ್‌ಗೆ. ಮಕ್ಕಳ ಪ್ರೊಫೈಲ್ ಮಾಡಿ ಅಮೆರಿಕದ ಕಾಲೇಜ್ ಕೋಚ್‌ಗಳಿಗೆ ಕಳಿಸೋ, ದುಡ್ಡು ಕಟ್ಟೋ ರಿಕ್ರೂಟಿಂಗ್ ಸರ್ವೀಸ್‌ಗೆ (ಹೆಸರು ಬೇಡ ಬಿಡಿ) ಒಂದೂವರೆ ಲಕ್ಷದ ಹತ್ರ ಸುರಿದ ಮೇಲೆ ಬಂದ ಬುದ್ಧಿ ಇದು, ಹೊಟ್ಟೆ ಉರಿ ಸ್ವಲ್ಪ ಸೇರ್ಕೊಂಡಿದೆ.

ಮಗಳದ್ದು ಬ್ರೆಸ್ಟ್‌ಸ್ಟ್ರೋಕ್. ನಾವಿರೋದು ಜಯನಗರ, ಎಂಟು ವರ್ಷದಿಂದ ಬೆಳಗ್ಗೆ ಐದಕ್ಕೆ ಪೂಲ್ ಹತ್ರ ಕಾರಲ್ಲಿ ಕೂತು ತೂಕಡಿಸೋದೇ ನನ್ನ ಕೆಲಸ. ಅವಳು ಹತ್ತನೇ ಕ್ಲಾಸಲ್ಲಿ ಇದ್ದಾಗ ಸರ್ವೀಸ್‌ಗೆ ಸೇರಿಸಿದ್ವಿ. ಪ್ರೊಫೈಲ್ ಚೆನ್ನಾಗೇ ಮಾಡಿದ್ರು, ಫೋಟೋ, ವಿಡಿಯೋ, ಎಲ್ಲಾ ಜೋರು.

ತೊಂದ್ರೆ ಶುರುವಾಗಿದ್ದು ಟೈಮಿಂಗ್ ಹಾಕೋ ಜಾಗದಲ್ಲಿ. ನಮ್ಮಲ್ಲಿ ಸ್ಟೇಟ್, ನ್ಯಾಷನಲ್ಸ್ ಎಲ್ಲಾ 50 ಮೀಟರ್ ಪೂಲಲ್ಲಿ, ಅಮೆರಿಕದ ಕಾಲೇಜ್ ಮೀಟ್‌ಗಳು ನಡೆಯೋದು 25 ಯಾರ್ಡ್ ಪೂಲಲ್ಲಿ, ಅಂದ್ರೆ 22.86 ಮೀಟರ್. ಅವರ 100 ಅಂದ್ರೆ ನಮ್ಮ 91 ಮೀಟರ್ ಚಿಲ್ರೆ, ಮೇಲಿಂದ ನಮ್ಮ 100ರಲ್ಲಿ ಒಂದೇ ಟರ್ನ್, ಅಲ್ಲಿ ಮೂರು, ಪ್ರತಿ ಟರ್ನಲ್ಲೂ ಗೋಡೆ ಒದ್ದು ಹೋಗೋ ಲಾಭ ಬೇರೆ. ಹಾಗಾಗಿ ಇವಳ 1:16 ಅಲ್ಲಿ ಹೆಚ್ಚೂ ಕಮ್ಮಿ 1:06 ಆಗುತ್ತೆ. ಹತ್ತು ಸೆಕೆಂಡ್! ಈಜೋರ ಮನೇಲಿ ಹತ್ತು ಸೆಕೆಂಡ್ ಅಂದ್ರೆ ಒಂದು ಯುಗ. ಸರ್ವೀಸ್‌ನೋರ ಫಾರ್ಮಲ್ಲಿ ಯಾರ್ಡ್ಸ್ ಅಂತ ಮೊದ್ಲೇ ಸೆಲೆಕ್ಟ್ ಆಗಿತ್ತು, ತುಂಬಿದೋರು ಅದನ್ನ ಬದಲಾಯಿಸ್ಲಿಲ್ಲ, ನಾವು ನೋಡ್ಲಿಲ್ಲ. 1:16 ಯಾರ್ಡ್ಸ್ ಅಂತ 41 ಕೋಚ್‌ಗಳಿಗೆ ಹೋಯ್ತು.

ಎರಡೂವರೆ ತಿಂಗಳು ಒಬ್ರೂ ಉಸಿರೆತ್ತಲಿಲ್ಲ. ಮಗಳು ನಂಗೆ ಅಷ್ಟೇ ಯೋಗ್ಯತೆ ಇರೋದು ಅಂತ ಸಪ್ಪಗಾಗಿದ್ಲು. ಆಮೇಲೆ ಒಬ್ಬ ಕೋಚ್ ಪಾಪ ಒಂದೇ ಸಾಲು ಕಳಿಸಿದ್ರು, ಇದು ಮೀಟರ್ಸಾ ಅಂತ. ಆಗ್ಲೇ ನಮ್ಗೆ ತಲೆಗೆ ಹೊಳೆದಿದ್ದು. ಸರಿ, ಬದಲಾಯಿಸೋಣ ಅಂದ್ರೆ ಟೈಮಿಂಗ್ ಲಾಕ್ ಆಗಿದೆ, ಟಿಕೆಟ್ ಹಾಕಿ ಅಂದ್ರು. ಹಾಕಿದ್ವಿ. ನಮ್ಮ ಅಡ್ವೈಸರ್ ಫೋನಿಗೆ ಸಿಗೋದು ನಮ್ಮ ರಾತ್ರಿ ಹನ್ನೊಂದೂವರೆ ಮೇಲೆ, ಸಿಕ್ಕಾಗ ಯಾವಾಗ್ಲೂ ಖುಷಿಯಾಗೇ ಇರೋರು, ನೋಡ್ತೀನಿ ಅನ್ನೋರು. ಹನ್ನೊಂದು ದಿನ ಆಯ್ತು ಒಂದು ಅಕ್ಷರ ಬದಲಾಗೋಕೆ. ಆ 41 ಜನಕ್ಕೆ ಮತ್ತೆ ಕಳಿಸಿ ಅಂದ್ರೆ ಅದು ನಮ್ಮ ಪ್ಲಾನಲ್ಲಿ ಇಲ್ವಂತೆ.

ಇನ್ನೊಂದು, ಕೋಚ್ ನಿಮ್ಮ ಪ್ರೊಫೈಲ್ ನೋಡಿದ್ರು ಅಂತ ಮೆಸೇಜ್ ಬರ್ತಾನೇ ಇರುತ್ತೆ. ನಮ್ಮತ್ತೆ ಅದನ್ನ ಕೇಳ್ಕೊಂಡು ಮೊಮ್ಮಗಳಿಗೆ ಅಮೆರಿಕದಲ್ಲಿ ಸೀಟಾಯ್ತು ಅಂತ ಬೀದಿಗೆಲ್ಲಾ ಹೇಳಿದ್ರು. ನೋಡಿದ್ರು ಅಂದ್ರೆ ಸೀಟಾಯ್ತು ಅಂತಲ್ಲ. ಡಿವಿಷನ್ 1 (ಅಮೆರಿಕದ ಕಾಲೇಜ್ ಕ್ರೀಡೆ ನಡೆಸೋ ಎನ್‌ಸಿಎಎ ಕಾಲೇಜ್‌ಗಳನ್ನ ಮೂರು ಡಿವಿಷನ್ ಮಾಡಿದೆ, ಅದ್ರಲ್ಲಿ ಮೇಲಿನದು) ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿದ ಮೇಲಿನ ಜೂನ್ 15ರ ತನಕ ಹುಡುಗರಿಗೆ ರಿಕ್ರೂಟಿಂಗ್ ವಿಷ್ಯವಾಗಿ ನೇರವಾಗಿ ಬರೆಯೋ ಹಾಗಿಲ್ಲ, ಕ್ಯಾಂಪ್ ಕರೆಯೋಲೆ, ಕ್ವೆಶ್ಚನೇರ್ ಇಂಥವು ಕಳಿಸ್ಬೋದು ಅಷ್ಟೇ. ಕ್ಯಾಂಪ್ ಮೇಲ್ ಬಂತು ಅಂದ್ರೆ ನಿಮ್ಮ ಮಗು ಬೇಕು ಅಂತಲ್ಲ.

ಆಮೇಲೆ ಸ್ವಿಮ್‌ಕ್ಲೌಡ್. ಕಾಲೇಜ್ ಟೀಮ್ ಪೇಜ್ ತೆಗೆದ್ರೆ ಯಾರು ಯಾವ ವರ್ಷದಲ್ಲಿ ಓದ್ತಿದ್ದಾರೆ, ಯಾವ ಇವೆಂಟಲ್ಲಿ ಎಷ್ಟು ಟೈಮಿಂಗ್, ಎಲ್ಲಾ ಕಾಣುತ್ತೆ. ಒಂದು ಕಾಲೇಜಲ್ಲಿ ಇಬ್ರು ಬ್ರೆಸ್ಟ್‌ಸ್ಟ್ರೋಕ್ ಹುಡುಗೀರು ಇವಳು ಸೇರೋ ವರ್ಷಕ್ಕೆ ಮುಂಚೆ ಪಾಸಾಗಿ ಹೋಗ್ತಾರೆ, ಉಳಿದೋಳು ಯಾರ್ಡ್ಸಲ್ಲಿ 1:08, ಇವಳಿಗಿಂತ ನಿಧಾನ, ಅಂದ್ರೆ ಅಲ್ಲಿ ಜಾಗ ಇದೆ. ಈ ಲೆಕ್ಕಾನ ಲಕ್ಷ ತಗೊಂಡೋರು ಒಂದಿನಾನೂ ಹೇಳ್ಲಿಲ್ಲ. ಅಪ್ಪ ಮಗಳು ಎರಡು ಭಾನುವಾರ ಕೂತು 60 ಕಾಲೇಜ್ ಎಕ್ಸೆಲ್‌ಗೆ ಹಾಕಿ 22ಕ್ಕೆ ಇಳಿಸಿದ್ವಿ. ಹೆಚ್ಚಿನವು ಡಿವಿಷನ್ 3. 2025ರ ಸೆಟಲ್‌ಮೆಂಟ್ (ಕಾಲೇಜ್ ಆಟಗಾರರಿಗೆ ದುಡ್ಡು ಕೊಡೋ ವಿಷ್ಯದ ಕೋರ್ಟ್ ಕೇಸಿನ ರಾಜಿ) ಆದ್ಮೇಲೆ ಅದಕ್ಕೆ ಒಪ್ಪಿರೋ ಡಿವಿಷನ್ 1 ಕಾಲೇಜ್‌ಗಳಲ್ಲಿ ಸ್ವಿಮ್ಮಿಂಗ್ ಟೀಮ್‌ಗೆ 30 ಜನ ಅಂತ ಮಿತಿ ಬಂದು ಅಲ್ಲಿ ನೂಕುನುಗ್ಗಲು ಜಾಸ್ತಿ. ಡಿವಿಷನ್ 3ರಲ್ಲಿ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಇಲ್ವೇ ಇಲ್ಲ, ಮಾರ್ಕ್ಸ್ ನೋಡಿ ಕೊಡೋದು ಉಂಟು. ಡಿವಿಷನ್ 3 ಅಂದ್ರೆ ಮೂರನೇ ದರ್ಜೆ ಅಂದ್ಕೋಬೇಡಿ, ಒಹಾಯೋದ ಕೆನ್ಯನ್ ಕಾಲೇಜ್ ಹುಡುಗರು ಅದೇ ಡಿವಿಷನಲ್ಲಿ 1980ರಿಂದ 2010ರ ತನಕ ಸತತ 31 ವರ್ಷ ಚಾಂಪಿಯನ್.

ಈಮೇಲ್ ಮಗಳೇ ಬರೆದ್ಲು. ಸಬ್ಜೆಕ್ಟಲ್ಲೇ ಪಾಸಾಗೋ ವರ್ಷ, ಇವೆಂಟ್, ಮೀಟರ್ ಟೈಮಿಂಗು, ಪಕ್ಕದಲ್ಲೇ ಯಾರ್ಡ್ಸ್‌ಗೆ ಕನ್ವರ್ಟ್ ಮಾಡಿದ್ದು. 22ರಲ್ಲಿ 9 ಉತ್ತರ ಬಂತು, ಮೊದಲನೇದು ಮಾರನೇ ದಿನಾನೇ.

ಕಾಲೇಜ್ ಸೈಟಲ್ಲೇ ಇರೋ ರಿಕ್ರೂಟಿಂಗ್ ಕ್ವೆಶ್ಚನೇರ್: ಫ್ರೀ, ತುಂಬಿ, ಜೊತೆಗೆ ಈಮೇಲೂ ಹಾಕಿ.

ಎನ್‌ಸಿಎಎ ಎಲಿಜಿಬಿಲಿಟಿ, ಅಂದ್ರೆ ಟೀಮಲ್ಲಿ ಆಡೋಕೆ ಓದಿನ ಅರ್ಹತೆ, ಡಿವಿಷನ್ 1, 2ಕ್ಕೆ ಬೇಕು. 9ನೇ ಕ್ಲಾಸಿಂದ ಲೆಕ್ಕ ಹಿಡಿದು 16 ಕೋರ್ ಸಬ್ಜೆಕ್ಟ್ ತೋರಿಸ್ಬೇಕು, ದುಡ್ಡು ಕಟ್ಟಿದ್ರೂ ಮಾರ್ಕ್ಸ್ ಕಾರ್ಡ್‌ಗೆ ಓಡಾಡಿದ್ದು ನಾವೇ.

ನಾನು ಬ್ಯಾಂಕಲ್ಲಿ ಇರೋನು, ಎಕ್ಸೆಲ್ ಅಂದ್ರೆ ನಂಗೆ ಊಟ ಇದ್ದಂಗೆ, ಬಜೆಟ್ಟೂ ಬಿಗಿ, ಅದಕ್ಕೆ ಈ ದಾರಿ ಒಗ್ಗಿತು. ಸ್ವಿಮ್ಮಿಂಗ್, ಅಥ್ಲೆಟಿಕ್ಸ್‌ಗೆ ಟೈಮಿಂಗೇ ಮಾತಾಡುತ್ತೆ, ಟೆನಿಸ್‌ಗೆ ಯುಟಿಆರ್ ಅಂತ ಆಟಗಾರರ ಮಟ್ಟ ಹೇಳೋ ರೇಟಿಂಗ್ ನಂಬರ್ ಇದೆ, ಇವಕ್ಕೆಲ್ಲಾ ದುಡ್ಡು ಕಟ್ಬೇಡಿ. ಸಾಕರ್, ಬ್ಯಾಸ್ಕೆಟ್‌ಬಾಲ್ ಥರ ವಿಡಿಯೋ ನೋಡಿ ಆರಿಸೋ ಆಟಕ್ಕೆ ಪ್ರೊಫೈಲ್ ಸರ್ವೀಸ್ ಉಪಯೋಗಕ್ಕೆ ಬರ್ಬೋದು, ಆಗ್ಲೂ ಮೊದ್ಲು ಫ್ರೀ ಪ್ಲಾನಲ್ಲಿ ನೋಡಿ. ಏನೇ ಮಾಡಿದ್ರೂ ಫಾರ್ಮಲ್ಲಿ ಮೀಟರ್ ಅಂತ ಇದ್ಯಾ ಅಂತ ಒಂದ್ಸಲ ಕಣ್ಣು ಬಿಟ್ಕೊಂಡು ನೋಡಿ ಸ್ವಾಮಿ.