ವೇದಿಕೆಗೂ ಪಾಡ್‌ಕಾಸ್ಟ್‌ಗೂ ಒಂದೇ ಮೈಕ್: ಶ್ಯೂರ್ ಎಸ್‌ಎಂ58 ಜೊತೆಗಿನ ಆರು ವರ್ಷ

ಯಾವ ಸಂಸ್ಥೆಯ ಹಂಗೂ ಇಲ್ಲದೆ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುತ್ತ, ಜೊತೆಯಲ್ಲೇ ಪಾಡ್‌ಕಾಸ್ಟ್ ನಡೆಸಬೇಕೆಂದು ಹೊರಟವರು ನನ್ನನ್ನು ಮೊದಲು ಕೇಳುವುದು ಯಾವ ಮೈಕ್ ಕೊಳ್ಳಬೇಕೆಂದು. ಆರು ವರ್ಷಗಳಿಂದ ನನ್ನ ಉತ್ತರ ಬದಲಾಗಿಲ್ಲ. ಶ್ಯೂರ್ ಕಂಪನಿಯ ಎಸ್‌ಎಂ58 ಒಂದಿದ್ದರೆ ಎರಡೂ ಕೆಲಸ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡೂ ಕಡೆ ಒಂದೇ ಮೈಕ್ ಬಳಸುವುದರಿಂದ ನಮ್ಮ ದನಿಯನ್ನು ನಾವೇ ಅರಿಯುವ ಅಭ್ಯಾಸ ಬೇಗ ಕೈಗೂಡುತ್ತದೆ.

ಈ ಮೈಕ್ ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಹೆಸರಿನಲ್ಲಿರುವ ಎಸ್‌ಎಂ ಎಂದರೆ ಸ್ಟುಡಿಯೊ ಮೈಕ್ರೊಫೋನ್. ಸ್ಟುಡಿಯೊಗೆಂದು ರೂಪುಗೊಂಡರೂ ಇದು ಹೆಸರು ಮಾಡಿದ್ದು ವೇದಿಕೆಯ ಮೇಲೆ. ಇದು ಡೈನಮಿಕ್ ಜಾತಿಯ ಮೈಕ್ ಆದ್ದರಿಂದ, ದನಿಯ ಅಲೆಗೆ ನಡುಗುವ ತೆಳುಪೊರೆಗೆ ಅಂಟಿಕೊಂಡ ತಂತಿಸುರುಳಿ ಅಯಸ್ಕಾಂತದ ಕ್ಷೇತ್ರದಲ್ಲಿ ಅಲುಗಾಡಿ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಬ್ಯಾಟರಿಯಾಗಲಿ, ಕೇಬಲ್ ಮೂಲಕವೇ ಮೈಕ್‌ಗೆ ಕಳಿಸುವ 48 ವೋಲ್ಟಿನ ವಿದ್ಯುತ್ (ಫ್ಯಾಂಟಮ್ ಪವರ್) ಆಗಲಿ ಬೇಕಿಲ್ಲ. ಯಾವ ಸಭಾಂಗಣದ ಎಷ್ಟೇ ಹಳೆಯ ಆಡಿಯೊ ಮಿಕ್ಸರಿಗೆ ಸಿಕ್ಕಿಸಿದರೂ ಕೆಲಸ ಮಾಡುತ್ತದೆ. ತನ್ನ ಸೌಂಡ್ ವ್ಯವಸ್ಥೆಯನ್ನು ತಾನೇ ನೋಡಿಕೊಳ್ಳಬೇಕಾದ ಕಲಾವಿದನಿಗೆ ಇದು ಸಣ್ಣ ನೆಮ್ಮದಿಯಲ್ಲ.

ಇದರ ನಿಜವಾದ ಗುಣ ತಿಳಿಯುವುದು ಕೈಯಲ್ಲಿ ಹಿಡಿದು ಮಾತಾಡುವಾಗ. ನನ್ನ ಒಂದು ಸೆಟ್‌ನಲ್ಲಿ, ಪಕ್ಕದ ಕೋಣೆಯಲ್ಲಿ ಮಲಗಿರುವ ತಾಯಿಗೆ ಕೇಳದಂತೆ ಮಗನೊಬ್ಬ ಫೋನಿನಲ್ಲಿ ಪಿಸುಗುಟ್ಟುವ ಪ್ರಸಂಗವಿದೆ. ಆ ಪಿಸುಮಾತಿಗೆ ನಾನು ಜಾಲರಿಗೆ ತುಟಿ ತಾಗುವಷ್ಟು ಹತ್ತಿರ ಬರುತ್ತೇನೆ. ಹತ್ತಿರವಾದಷ್ಟೂ ತಗ್ಗುಸ್ವರಗಳು ದಪ್ಪವಾಗುವ ಗುಣ ಈ ಬಗೆಯ ಮೈಕ್‌ಗಳಿಗೆ ಇರುವುದರಿಂದ, ಪಿಸುಮಾತು ಕೊನೆಯ ಸಾಲಿನವರಿಗೂ ಕಿವಿಯಲ್ಲೇ ಹೇಳಿದಂತೆ ತಲುಪುತ್ತದೆ. ಮರುಕ್ಷಣವೇ ತಾಯಿ ಕೂಗುವ ಮಾತಿಗೆ ಕೈಯನ್ನು ಎದೆಯ ಮಟ್ಟಕ್ಕೆ ಇಳಿಸುತ್ತೇನೆ. ಕೂಗು ಕೂಗಾಗಿಯೇ ಕೇಳುತ್ತದೆ, ಆದರೆ ಒಡೆಯುವುದಿಲ್ಲ. ಈ ಒಂದು ಗೇಣಿನ ಲೆಕ್ಕ ಕೈಗೆ ಒಗ್ಗಲು ನನಗೆ ಹತ್ತಿರಹತ್ತಿರ ಒಂದು ವರ್ಷ ಬೇಕಾಯಿತು. ಯಾರು ಬೇಕಾದರೂ ವೇದಿಕೆ ಏರಬಹುದಾದ ಓಪನ್ ಮೈಕ್ ಕಾರ್ಯಕ್ರಮಗಳಲ್ಲಿ ಪ್ರತಿ ಸಲ ಬೇರೆ ಬೇರೆ ಮೈಕ್ ಹಿಡಿದಿದ್ದರೆ ಅದು ಎಂದೂ ಕೂಡಿಬರುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಹೊಸಬರಿಗೆ ಒಂದು ಎಚ್ಚರಿಕೆ. ಜಾಲರಿಯ ಉಂಡೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು ನೋಡಲು ಗತ್ತಾಗಿ ಕಾಣಬಹುದು, ಆದರೆ ಮುಂದಿನ ದನಿಯನ್ನು ಮಾತ್ರ ಹಿಡಿದು ಹಿಂದಿನದನ್ನು ಬಿಡುವ ಇದರ ಕಾರ್ಡಿಯಾಯ್ಡ್ ಗುಣವೇ ಅದರಿಂದ ಕೆಡುತ್ತದೆ. ಸ್ಪೀಕರುಗಳ ದನಿ ಒಳನುಗ್ಗಿ ಕೀರಲು ಸದ್ದು ಏಳುವುದು ಹೆಚ್ಚಾಗಿ ಹೀಗೆಯೇ, ಮತ್ತು ಆಗ ಬೈಸಿಕೊಳ್ಳುವವನು ಮಾತ್ರ ಮಿಕ್ಸರ್ ಮುಂದೆ ಕುಳಿತವನು.

ಮನೆಯಲ್ಲಿ ಪಾಡ್‌ಕಾಸ್ಟ್ ಧ್ವನಿಮುದ್ರಣಕ್ಕೂ ಇದೇ ಗುಣ ನೆರವಾಗುತ್ತದೆ. ಸೂಕ್ಷ್ಮವಾದ ಕಂಡೆನ್ಸರ್ ಮೈಕ್‌ಗಳು ಫ್ಯಾನಿನ ಸದ್ದು, ಬರಿಗೋಡೆಯ ಪ್ರತಿಧ್ವನಿ ಎಲ್ಲವನ್ನೂ ಬಾಚಿಕೊಳ್ಳುತ್ತವೆ. ಎಸ್‌ಎಂ58 ಬಾಯಿಯ ಹತ್ತಿರದ ಮಾತಿಗಷ್ಟೇ ಚೆನ್ನಾಗಿ ಕಿವಿಗೊಡುತ್ತದೆ. ಆದರೆ ಇದರ ವಿದ್ಯುತ್ ಸಂಕೇತ ದುರ್ಬಲವಾದದ್ದು. ಸಹಜವಾಗಿ ಮಾತಾಡುವ ದನಿಗೆ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) 55 ಡೆಸಿಬಲ್‌ನಷ್ಟು ಗೇನ್, ಅಂದರೆ ಸಂಕೇತಕ್ಕೆ ವರ್ಧನೆ, ಕೊಡಬೇಕಾಗಬಹುದು, ಮತ್ತು ಅಗ್ಗದ ಇಂಟರ್‌ಫೇಸ್‌ಗಳು ಆ ಮಟ್ಟದಲ್ಲಿ ಒಂದು ಸಣ್ಣ ಸುಯ್ಯೆಂಬ ಸದ್ದನ್ನೂ ಜೊತೆಗೆ ಸೇರಿಸುತ್ತವೆ. ಆದ್ದರಿಂದ ಹಣ ಉಳಿದರೆ ಇನ್ನೊಂದು ದುಬಾರಿ ಮೈಕ್‌ಗೆ ಹಾಕದೆ ಒಳ್ಳೆಯ ಇಂಟರ್‌ಫೇಸ್‌ಗೆ ಹಾಕಿ. ಪ, ಬ, ಭ ಅಕ್ಷರಗಳ ಉಸಿರು ನೇರವಾಗಿ ಬಡಿಯದಂತೆ ಮೈಕನ್ನು ಬಾಯಿಯ ಒಂದು ಮಗ್ಗುಲಿಗೆ, ನಾಲ್ಕು ಬೆರಳಿನ ದೂರದಲ್ಲಿ ಇಟ್ಟುಕೊಳ್ಳಿ. ಹೊರಗೆ ಸ್ಪಂಜಿನ ಟೋಪಿ ಹಾಕಿದರೆ ಇನ್ನೂ ಒಳ್ಳೆಯದು. ಕೊನೆಗೆ ಆಡಿಯೊ ಕಡತದ ದನಿಯ ಗಟ್ಟಿತನವನ್ನು ಆಪಲ್ ಸೂಚಿಸುವ ಮೈನಸ್ 16 ಎಲ್‌ಯುಎಫ್‌ಎಸ್ (ಕೇಳುವ ಗಟ್ಟಿತನದ ಅಳತೆ) ಆಸುಪಾಸಿಗೆ ತಂದರೆ, ಕೇಳುಗರು ಸಂಚಿಕೆಯಿಂದ ಸಂಚಿಕೆಗೆ ವಾಲ್ಯೂಮ್ ತಿರುಗಿಸುವ ತೊಂದರೆ ತಪ್ಪುತ್ತದೆ.

ಸ್ವಂತ ಮೈಕ್‌ನಿಂದ ನನಗಾದ ದೊಡ್ಡ ಲಾಭ ಮಾತ್ರ ಬೇರೆ. ಅದನ್ನು ಪುಟ್ಟ ರೆಕಾರ್ಡರ್‌ಗೆ ಜೋಡಿಸಿ ಮನೆಯಲ್ಲಿ ಮಾಡುವ ತಾಲೀಮು, ಮಿಕ್ಸರಿನಿಂದ ತೆಗೆದುಕೊಂಡ ಪ್ರದರ್ಶನದ ಧ್ವನಿಮುದ್ರಣ, ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳುತ್ತೇನೆ. ಪಿಸುಮಾತಿನ ಪ್ರಸಂಗದಲ್ಲಿ ನಗು ಏಳುತ್ತಿದ್ದಂತೆಯೇ ನಾನು ಮುಂದಿನ ಸಾಲನ್ನು ಆರಂಭಿಸಿ ಆ ನಗುವನ್ನು ನಾನೇ ತುಳಿಯುತ್ತಿದ್ದೆನೆಂದು ಗೊತ್ತಾದದ್ದು ಹೀಗೆ. ಎರಡು ಸೆಕೆಂಡು ಸುಮ್ಮನಿರಲು ಕಲಿತ ಮೇಲೆ ಅದೇ ಮಾತಿಗೆ ಎರಡನೆಯ ಅಲೆಯ ನಗು ಬರತೊಡಗಿತು.

ಪಾಡ್‌ಕಾಸ್ಟ್ ಆರ್‌ಎಸ್‌ಎಸ್ ಫೀಡ್ (ಹೊಸ ಸಂಚಿಕೆಗಳ ವಿವರವನ್ನು ಆ್ಯಪ್‌ಗಳಿಗೆ ತಿಳಿಸುವ ಅಂತರ್ಜಾಲದ ಪಟ್ಟಿ) ಮೂಲಕ ಹೋಗುವುದರಿಂದ, ನಾವು ಒಂದು ಕಡೆ ಏರಿಸಿದ ಕಡತವನ್ನು ಬೇರೆ ಬೇರೆ ಆ್ಯಪ್‌ಗಳು ತಾವೇ ಎತ್ತಿಕೊಳ್ಳುತ್ತವೆ. ಯಾರ ಅಪ್ಪಣೆಯೂ ಬೇಕಿಲ್ಲ. ಅಮೆರಿಕದ ಕಾಮಿಡಿಯನ್ ಮಾರ್ಕ್ ಮೇರನ್ 2009ರಲ್ಲಿ ಶುರುಮಾಡಿದ ಪಾಡ್‌ಕಾಸ್ಟ್‌ಗೆ 2015ರಲ್ಲಿ ಆಗಿನ ಅಧ್ಯಕ್ಷ ಬರಾಕ್ ಒಬಾಮ ಅವರೇ ಬಂದು ಮಾತಾಡಿದ್ದು ಮೇರನ್ ಮನೆಯ ಗ್ಯಾರೇಜಿನಲ್ಲಿ.

ಕೊಳ್ಳುವಾಗ ನಕಲಿಯ ಬಗ್ಗೆ ಜಾಗ್ರತೆ ಇರಲಿ. ನಾನು ಮೊದಲು ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ತರಿಸಿದ ಮೈಕ್ ಡಬ್ಬಿ, ಚೀಲ, ಅಕ್ಷರಗಳಲ್ಲೆಲ್ಲ ಅಸಲಿಯಂತೆಯೇ ಇತ್ತು, ಆದರೆ ಕೈಗೆ ಹಗುರವಾಗಿತ್ತು, ದನಿ ಕಂಬಳಿಯೊಳಗಿಂದ ಬಂದಂತೆ ಮಂಕಾಗಿತ್ತು. ಅಸಲಿಯ ತೂಕ 298 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಬಹುದು, ಆದರೆ ಅಧಿಕೃತ ಮಾರಾಟಗಾರರಿಂದ ಕೊಳ್ಳುವುದೇ ಮೇಲು.

ಮೇಜಿನ ನಡುವೆ ಒಂದೇ ಮೈಕ್ ಇಟ್ಟು ನಾಲ್ವರ ಹರಟೆ ಮುದ್ರಿಸಬೇಕೆನ್ನುವವರಿಗೆ ಇದು ಹೇಳಿಮಾಡಿಸಿದ್ದಲ್ಲ. ಅತಿಥಿಗೊಂದು, ನಿಮಗೊಂದು ಎಂದು ಎರಡು ಇಟ್ಟುಕೊಳ್ಳಿ. ನನ್ನದು ಸ್ಟ್ಯಾಂಡ್ ಸಮೇತ ಎರಡು ಸಲ ಬಿದ್ದು ಜಾಲರಿ ಒಂದು ಮೂಲೆಯಲ್ಲಿ ತಗ್ಗಾಗಿತ್ತು. ತಿರುಪಿ ತೆಗೆದು ಹೊಸ ಜಾಲರಿ ಹಾಕಿದೆ. ಆರು ವರ್ಷಗಳಲ್ಲಿ ಇದರ ಮೇಲೆ ಮಾಡಿದ ದುರಸ್ತಿ ಅಷ್ಟೇ.