ಓಟದ ನಡುವೆ ತಿದ್ದಬಹುದಾದ ಪ್ರೋಗ್ರಾಂ: ಬಿಡುವಿನ ಲಿಸ್ಪ್ ಪ್ರಯೋಗಗಳಿಗೆ ಎಸ್‌ಬಿಸಿಎಲ್

ಬೀಜಗಣಿತದ ಸೂತ್ರಗಳ ಅವಕಲನವನ್ನು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂ ಒಂದನ್ನು ಓಡಿಸುತ್ತಿದ್ದಾಗ, ನಾನಿನ್ನೂ ಬರೆದೇ ಇರದ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕು) ಒಂದನ್ನು ಅದು ನಡುವೆ ಕರೆಯಿತು. ನಾನು ಮೊದಲು ಕಲಿತ ಭಾಷೆಗಳಲ್ಲಾಗಿದ್ದರೆ ಉದ್ದನೆಯ ದೋಷಸಂದೇಶವೊಂದು ಮೂಡಿ, ಅಲ್ಲಿಯವರೆಗಿನ ಲೆಕ್ಕವೆಲ್ಲ ಅಳಿದುಹೋಗುತ್ತಿತ್ತು. ಎಸ್‌ಬಿಸಿಎಲ್‌ನಲ್ಲಿ (ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಯಂತ್ರದ ಭಾಷೆಗೆ ಇಳಿಸುವ ತಂತ್ರಾಂಶ, ಎಂದರೆ ಕಂಪೈಲರ್, ಇದು) ಲೆಕ್ಕ ಇದ್ದಲ್ಲೇ ನಿಂತಿತು. ಆ ಹೆಸರಿನ ಫಂಕ್ಷನ್ ಇಲ್ಲವೆಂದು ತಿಳಿಸಿ, ಮತ್ತೊಮ್ಮೆ ಕರೆದು ನೋಡಬೇಕೇ, ಅದರ ಬದಲು ಬೇರೊಂದನ್ನು ಕರೆಯಬೇಕೇ, ಅದು ಕೊಡಬೇಕಾಗಿದ್ದ ಉತ್ತರವನ್ನು ನಾನೇ ಒದಗಿಸುತ್ತೇನೆಯೇ, ಇಲ್ಲವೇ ಎಲ್ಲವನ್ನೂ ಕೈಬಿಡಬೇಕೇ ಎಂದು ಕೇಳಿತು. ನಾನು ಪಕ್ಕದ ಕಿಟಕಿಯಲ್ಲಿ ಆ ಫಂಕ್ಷನನ್ನು ಬರೆದು, ಕಂಪೈಲ್ ಮಾಡಿ, ಮೊದಲ ಆಯ್ಕೆಯನ್ನು ಒತ್ತಿದೆ. ಲೆಕ್ಕ ನಿಂತಲ್ಲಿಂದಲೇ ಮುಂದುವರಿದು ಉತ್ತರ ಬಂತು. ಬಿಡುವಿನ ವೇಳೆಯ ಪ್ರಯೋಗಗಳಿಗೆ ಈ ಕಂಪೈಲರನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಅದರ ಬಗ್ಗೆ ನಾನು ಹೇಳಬೇಕಾದ ಒಳ್ಳೆಯದೂ ಕೆಟ್ಟದೂ ಬಹುಪಾಲು ಈ ಒಂದೇ ಗುಣದಿಂದ ಹುಟ್ಟಿವೆ: ಇಲ್ಲಿ ಪ್ರೋಗ್ರಾಂ ಜೀವಂತವಾಗಿರುವಾಗಲೇ ಅದನ್ನು ತಿದ್ದಬಹುದು.

ಎಸ್‌ಬಿಸಿಎಲ್ ಎಂದರೆ ಸ್ಟೀಲ್ ಬ್ಯಾಂಕ್ ಕಾಮನ್ ಲಿಸ್ಪ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಸಿಎಂಯುಸಿಎಲ್ ಎಂಬ ಕಂಪೈಲರಿನಿಂದ ಇದು 1999ರಲ್ಲಿ ಕವಲೊಡೆಯಿತು. ಕಾರ್ನೆಗಿಯವರ ಸಂಪತ್ತು ಉಕ್ಕಿನಿಂದ, ಮೆಲನ್ ಅವರದು ಬ್ಯಾಂಕಿನಿಂದ ಬಂದದ್ದು ಎಂಬುದೇ ಈ ಹೆಸರಿನ ಮೂಲ. ತಂತ್ರಾಂಶ ಮೂಲ ಕೋಡ್ ಸಮೇತ ಉಚಿತವಾಗಿ ಸಿಗುತ್ತದೆ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ನಡೆಯುತ್ತದೆ. ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. ಅದು ಅನುಸರಿಸುವ, ಕಾಮನ್ ಲಿಸ್ಪ್ ಎಂಬ ಲಿಸ್ಪ್ ಪ್ರಭೇದದ ಮಾನಕವಾದರೋ 1994ರಷ್ಟು ಹಳೆಯದು. ಹವ್ಯಾಸಿಗೆ ಇದರಿಂದ ದೊಡ್ಡ ನೆಮ್ಮದಿಯುಂಟು. ಆರು ತಿಂಗಳು ಮುಟ್ಟದೆ ಬಿಟ್ಟ ಪ್ರಯೋಗವನ್ನು ಮತ್ತೆ ತೆರೆದಾಗ, ಈ ನಡುವೆ ಭಾಷೆಯೇ ಬದಲಾಗಿರಬಹುದೆಂಬ ಅಳುಕಿಲ್ಲದೆ ಬಿಟ್ಟಲ್ಲಿಂದ ಹಿಡಿಯಬಹುದು.

ಮೊದಲ ದಿನ ಮಾತ್ರ ಕಷ್ಟದ್ದು. ಅಳವಡಿಸಿ ತೆರೆದರೆ ಪರದೆಯ ಮೇಲೆ ಒಂದು ನಕ್ಷತ್ರ ಚಿಹ್ನೆ ಕಾಣುತ್ತದೆ, ಅಷ್ಟೇ. ಹಿಂದಿನ ಸಾಲನ್ನು ಮರಳಿ ತರಲು ಬಾಣದ ಕೀಲಿಯನ್ನು ಒತ್ತಿದರೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ, ಏಕೆಂದರೆ ಸಾಲು ತಿದ್ದುವ ಸೌಲಭ್ಯ ಅದರೊಳಗೆ ಇಲ್ಲ. ಈ ಸ್ಥಿತಿಯಲ್ಲಿ ಲಿಸ್ಪ್ ಕಲಿಯಲು ಯಾರಿಗೂ ಹೇಳಲಾರೆ. ಈಮ್ಯಾಕ್ಸ್ ಸಂಪಾದಕವನ್ನೂ ಅದರೊಳಗೆ ಕೂರುವ ಸ್ಲೈಮ್ ಎಂಬ ಸಾಧನವನ್ನೂ ಜೊತೆಗೆ ಹಾಕಿಕೊಂಡಾಗಲೇ ಎಸ್‌ಬಿಸಿಎಲ್‌ನ ನಿಜವಾದ ರೂಪ ಕಾಣುವುದು. ಈಮ್ಯಾಕ್ಸ್ ಗೊತ್ತಿಲ್ಲದವರು ಎರಡು ವಿದ್ಯೆಗಳನ್ನು ಒಟ್ಟಿಗೆ ಕಲಿಯಬೇಕಾಗುತ್ತದೆ, ಮತ್ತು ನನಗೆ ಭಾಷೆಗಿಂತ ಸಂಪಾದಕವೇ ಹೆಚ್ಚು ದಿನ ತೆಗೆದುಕೊಂಡಿತು. ಆವರಣ ಚಿಹ್ನೆಗಳ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಆದರೆ ಅವುಗಳನ್ನು ಜೋಡಿಸುವ, ಸಾಲುಗಳ ಅಂಚನ್ನು ಸರಿಪಡಿಸುವ ಕೆಲಸ ಸಂಪಾದಕದ್ದಾದ ಮೇಲೆ ಕಣ್ಣು ಆವರಣಗಳನ್ನು ಎಣಿಸುವುದನ್ನು ಬಿಟ್ಟು, ಸಾಲುಗಳು ಎಷ್ಟೆಷ್ಟು ಒಳಸರಿದಿವೆ ಎಂಬುದನ್ನಷ್ಟೇ ನೋಡುತ್ತದೆ.

ಅವಕಲನದ ಪ್ರಯೋಗವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗಣಕವಿಜ್ಞಾನಿ ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಅನ್ನು ರೂಪಿಸತೊಡಗಿದಾಗ ಅವರ ಮುಂದಿದ್ದ ಸಮಸ್ಯೆಗಳಲ್ಲಿ ಇದೂ ಒಂದು. ಸೂತ್ರವೇ ಒಂದು ಪಟ್ಟಿಯಾಗಿರುವ ಭಾಷೆಯಲ್ಲಿ ಇದು ಎಷ್ಟು ಸಹಜವಾಗಿ ಬರುತ್ತದೆಂಬುದನ್ನು ಬರೆದು ನೋಡಿಯೇ ತಿಳಿಯಬೇಕು. ಅ ವರ್ಗ ಎಂಬುದನ್ನು, ಗುಣಾಕಾರದ ಚಿಹ್ನೆಯನ್ನು ಮೊದಲಿಟ್ಟು (* ಅ ಅ) ಎಂದು ಬರೆದುಕೊಟ್ಟರೆ, ಗುಣಾಕಾರದ ನಿಯಮವನ್ನು ಹೇಳುವ ನಾಲ್ಕು ಸಾಲುಗಳು (+ (* ಅ 1) (* 1 ಅ)) ಎಂಬ ಉತ್ತರವನ್ನು ಕೊಡುತ್ತವೆ. ಚರಾಕ್ಷರಕ್ಕೆ ಕನ್ನಡದ ಹೆಸರಿಟ್ಟರೂ ಎಸ್‌ಬಿಸಿಎಲ್ ತಕರಾರು ಮಾಡುವುದಿಲ್ಲ, ಯುನಿಕೋಡ್ ಅಕ್ಷರಗಳನ್ನು ಅದು ಹೆಸರಿನ ಭಾಗವಾಗಿ ಒಪ್ಪುತ್ತದೆ. ಆದರೆ "ಕನ್ನಡ" ಎಂಬ ಪದದ ಉದ್ದವನ್ನು ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಒತ್ತಕ್ಷರ ಕೂಡಿಸುವ ವಿರಾಮವನ್ನೂ (್) ಸೇರಿಸಿ ಯುನಿಕೋಡ್ ಸಂಕೇತಗಳನ್ನು. ನಮ್ಮ ಕಣ್ಣಿಗೆ ಕಾಣುವ ಮೂರು ಅಕ್ಷರಗಳ ಲೆಕ್ಕ ಬೇಕಾದರೆ ನಾವೇ ಬರೆದುಕೊಳ್ಳಬೇಕು. ಅವಕಲನಕ್ಕೆ ಮರಳುವುದಾದರೆ, ನಿಜವಾದ ಕೆಲಸ ಆಮೇಲೆ ಶುರುವಾಗುತ್ತದೆ: ಮೇಲಿನ ಉತ್ತರವನ್ನು (* 2 ಅ) ಎಂದು ಸರಳಗೊಳಿಸುವುದು. ಒಂದರಿಂದ ಗುಣಿಸಿದರೆ ಅದೇ, ಸೊನ್ನೆ ಕೂಡಿಸಿದರೆ ಅದೇ, ಒಂದೇ ಪದ ಎರಡು ಸಲ ಬಂದರೆ ಎರಡರಷ್ಟು ಎಂಬಂಥ ನಿಯಮಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಂತೆ, ಪ್ರತಿ ನಿಯಮವನ್ನೂ ಬರೆದ ಕ್ಷಣದಲ್ಲೇ ಕಂಪೈಲ್ ಮಾಡಿ, ಮೆಮೊರಿಯಲ್ಲಿ ಆಗಲೇ ಇರುವ ಸೂತ್ರಗಳ ಮೇಲೆ ಹಾಯಿಸಿ ನೋಡಲು ಸಾಧ್ಯವಾದದ್ದರಿಂದ ಈ ಕೆಲಸ ಬೇಸರ ತರಲಿಲ್ಲ. ಮೂರರಲ್ಲಿ ಒಂದು ಭಾಗ ಎಂದು (/ 1 3) ಬರೆದರೆ ದಶಮಾಂಶಕ್ಕೆ ಇಳಿಯದೆ 1/3 ಎಂದೇ ಉಳಿಸಿಕೊಳ್ಳುವುದು ಇಂಥ ಪ್ರಯೋಗಗಳಲ್ಲಿ ಬಹಳ ನೆರವಾಗುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ಲಿಸ್ಪ್‌ನಲ್ಲೇ ಒಂದು ಪುಟ್ಟ ಲಿಸ್ಪ್ ಇಂಟರ್‌ಪ್ರಿಟರ್ (ಕೋಡನ್ನು ಓದಿ ನೇರವಾಗಿ ನಡೆಸುವ ಪ್ರೋಗ್ರಾಂ) ಬರೆದ ಪ್ರಯೋಗ. ಹೊಸ ಭಾಷೆಯೊಂದನ್ನು ಕಟ್ಟಲು ಹೊರಟ ಹವ್ಯಾಸಿಯ ಉತ್ಸಾಹ ಸಾಮಾನ್ಯವಾಗಿ ಬತ್ತುವುದು ಪಾರ್ಸರ್ ಬರೆಯುವ ಹಂತದಲ್ಲಿ. ಇಲ್ಲಿ ಆ ಹಂತವೇ ಇಲ್ಲ, ಪಠ್ಯವನ್ನು ಓದಿ ಪಟ್ಟಿಯಾಗಿ ಒಪ್ಪಿಸುವ ಫಂಕ್ಷನ್ ಭಾಷೆಯಲ್ಲೇ ಇದೆ. ಹಾಗಾಗಿ ಮೊದಲ ಸಂಜೆಯೇ ನಾನು ಮುಖ್ಯ ವಿಷಯಕ್ಕೆ, ಎಂದರೆ ಒಂದು ಪಟ್ಟಿಯ ಬೆಲೆಯನ್ನು ಕಂಡುಹಿಡಿಯುವುದು ಹೇಗೆ ಎಂಬುದಕ್ಕೆ ಬಂದಿದ್ದೆ. ಮೆಕಾರ್ಥಿ ಕಾಗದದ ಮೇಲೆ ಬರೆದಿದ್ದ ಇದೇ ಫಂಕ್ಷನನ್ನು ಸ್ಟೀವ್ ರಸಲ್ ಐಬಿಎಂ 704 ಯಂತ್ರದ ಭಾಷೆಗೆ ಕೈಯಿಂದ ಇಳಿಸಿದಾಗ ಮೊದಲ ಲಿಸ್ಪ್ ಇಂಟರ್‌ಪ್ರಿಟರ್ ಹುಟ್ಟಿತು. ನನ್ನ ಮೊದಲ ಆವೃತ್ತಿಯಲ್ಲಿ ಒಂದು ತಪ್ಪಿತ್ತು: ಫಂಕ್ಷನಿನೊಳಗಿನ ಹೆಸರುಗಳ ಬೆಲೆಯನ್ನು ಅದು ಹುಟ್ಟಿದ ಜಾಗದಲ್ಲಿ ಹುಡುಕದೆ, ಅದನ್ನು ಕರೆದ ಜಾಗದಲ್ಲಿ ಹುಡುಕುತ್ತಿದ್ದೆ. ಆರಂಭದ ಲಿಸ್ಪ್‌ಗಳಲ್ಲೂ ಇದ್ದ ದೋಷ ಇದೇ ಎಂಬುದು ನನಗೆ ತಿಳಿದದ್ದು, ಡಿಬಗರ್ (ದೋಷ ಬಂದಾಗ ಓಟವನ್ನು ನಿಲ್ಲಿಸಿ ಒಳಗನ್ನು ತೋರಿಸುವ ಸಾಧನ) ನಿಂತ ಜಾಗದಲ್ಲಿ ಒಂದೊಂದೇ ಕರೆಯನ್ನು ಬಿಚ್ಚಿ, ಪ್ರತಿಯೊಂದರೊಳಗಿನ ಹೆಸರು ಮತ್ತು ಬೆಲೆಗಳನ್ನು ಕಣ್ಣಾರೆ ನೋಡಿದ ಮೇಲೆ. ಪುಸ್ತಕದಲ್ಲಿ ಎರಡು ಸಲ ಓದಿಯೂ ಹಿಡಿತಕ್ಕೆ ಸಿಗದಿದ್ದ ಈ ವಿಷಯ ಅಂದು ಅರ್ಧ ಗಂಟೆಯಲ್ಲಿ ಸ್ಪಷ್ಟವಾಯಿತು.

ಮ್ಯಾಕ್ರೋಗಳ, ಎಂದರೆ ಕೋಡನ್ನೇ ಬರೆದುಕೊಡುವ ಕೋಡಿನ, ಬಗ್ಗೆ ಬಹಳ ಬರೆಯಲಾಗಿದೆ, ನಾನು ಹೆಚ್ಚು ಹೇಳುವುದಿಲ್ಲ. ಬರೆದ ಮ್ಯಾಕ್ರೋ ಯಾವ ಕೋಡ್ ಆಗಿ ಹಿಗ್ಗುತ್ತದೆ ಎಂಬುದನ್ನು ಸ್ಲೈಮ್ ಇದ್ದಲ್ಲೇ ತೋರಿಸುವುದರಿಂದ ಅವುಗಳ ಭಯ ಬೇಗ ಹೋಗುತ್ತದೆ.

ವೇಗದ ವಿಷಯದಲ್ಲಿ ಎಸ್‌ಬಿಸಿಎಲ್ ನನ್ನನ್ನು ಅಚ್ಚರಿಗೊಳಿಸಿತು. ಅದು ಫಂಕ್ಷನನ್ನು ನೇರವಾಗಿ ಪ್ರೊಸೆಸರಿನ ಭಾಷೆಗೆ ಇಳಿಸುತ್ತದೆ, ಕೇಳಿದರೆ ಇಳಿಸಿದ ಆದೇಶಗಳನ್ನು ಮುಂದೆ ಹರಡುತ್ತದೆ. ಮ್ಯಾಂಡಲ್‌ಬ್ರಾಟ್ ಚಿತ್ರ (ಎಷ್ಟು ಹಿಗ್ಗಿಸಿದರೂ ಹೊಸ ವಿವರ ಕಾಣುವ ಗಣಿತದ ಆಕೃತಿ) ಬಿಡಿಸುವ ಪ್ರೋಗ್ರಾಮಿಗೆ ವೇಗವೇ ಮುಖ್ಯವೆಂದು ಸೂಚಿಸಿದಾಗ, ಎಲ್ಲಿ ಸಂಖ್ಯೆಯ ಬಗೆ ಗೊತ್ತಿಲ್ಲದ ಕಾರಣ ನಿಧಾನದ ದಾರಿ ಹಿಡಿಯಬೇಕಾಯಿತು, ಎಲ್ಲಿ ಒಂದು ದಶಮಾಂಶ ಸಂಖ್ಯೆಗಾಗಿ ಮೆಮೊರಿಯಲ್ಲಿ ಹೊಸ ಜಾಗ ಮಾಡಬೇಕಾಯಿತು ಎಂಬುದನ್ನು ಕಂಪೈಲರ್ ಟಿಪ್ಪಣಿಗಳಲ್ಲಿ ತಿಳಿಸಿತು. ಆ ಟಿಪ್ಪಣಿಗಳ ಭಾಷೆ ಒರಟು, ಮೊದಲಿಗೆ ಬೈಗುಳದಂತೆ ಕೇಳಿಸುತ್ತದೆ. ತಾಳ್ಮೆಯಿಂದ ಓದಿ ಬಗೆಗಳನ್ನು ಘೋಷಿಸುತ್ತ ಹೋದರೆ ಟಿಪ್ಪಣಿಗಳು ಒಂದೊಂದಾಗಿ ಮಾಯವಾಗಿ, ಪ್ರೋಗ್ರಾಂ ಹಲವು ಪಟ್ಟು ಚುರುಕಾಗುತ್ತದೆ. ಒಂದು ಎಚ್ಚರಿಕೆ: 1.0 ಎಂದು ಬರೆದರೆ ಕಾಮನ್ ಲಿಸ್ಪ್ ಅದನ್ನು ಏಕ ನಿಖರತೆಯ ಸಂಖ್ಯೆಯಾಗಿ ಓದುತ್ತದೆ. ಅದರಲ್ಲಿ ಸುಮಾರು 7 ದಶಮಾಂಶ ಅಂಕಿಗಳಷ್ಟೇ ಉಳಿಯುವುದರಿಂದ, ಚಿತ್ರದೊಳಕ್ಕೆ ಆಳವಾಗಿ ಇಳಿದಂತೆ ಅಂಚುಗಳು ಇಟ್ಟಿಗೆ ಜೋಡಿಸಿದಂತೆ ಒಡೆದು ಕಾಣುತ್ತವೆ. ದೋಷ ನನ್ನ ಸೂತ್ರದಲ್ಲಿದೆಯೆಂದು ತಿಳಿದು ಒಂದು ಇಡೀ ಸಂಜೆ ಹುಡುಕಿದೆ.

ಇನ್ನು ಕೊರತೆಗಳು. ಪ್ರೋಗ್ರಾಂ ಜೀವಂತವಾಗಿರುವುದರಿಂದಲೇ, ಮೆಮೊರಿಯಲ್ಲಿರುವುದಕ್ಕೂ ಕಡತದಲ್ಲಿರುವುದಕ್ಕೂ ನಡುವೆ ತಿಳಿಯದಂತೆ ಅಂತರ ಬೆಳೆಯುತ್ತದೆ. ಫಂಕ್ಷನ್ ಒಂದರ ಹೆಸರು ಬದಲಾಯಿಸಿ, ಹಳೆಯದನ್ನು ಕಡತದಿಂದ ಅಳಿಸಿದರೂ ಮೆಮೊರಿಯಲ್ಲಿ ಅದು ಉಳಿದೇ ಇರುತ್ತದೆ, ಅದನ್ನು ಕರೆಯುವ ಕೋಡ್ ಸರಿಯಾಗಿಯೇ ನಡೆಯುತ್ತಿರುತ್ತದೆ. ಮೂರು ವಾರ ಚೆನ್ನಾಗಿ ಓಡಿದ ನನ್ನ ಇಂಟರ್‌ಪ್ರಿಟರ್, ಯಂತ್ರವನ್ನು ಮರುಆರಂಭಿಸಿದ ಮರುಕ್ಷಣ ಓಡದಾದದ್ದು ಹೀಗೆ. ಅಂದಿನಿಂದ ಪ್ರತಿ ಬಾರಿ ಕೆಲಸ ಮುಗಿಸುವ ಮೊದಲು ಎಸ್‌ಬಿಸಿಎಲ್ ಅನ್ನು ಪೂರ್ತಿ ಮುಚ್ಚಿ, ಕಡತಗಳಿಂದಲೇ ಮತ್ತೆ ತುಂಬಿ ನೋಡುತ್ತೇನೆ. ದತ್ತಾಂಶದ ರಚನೆಗಳಲ್ಲೂ ಇಂಥದ್ದೇ ಒಂದು ವ್ಯತ್ಯಾಸವಿದೆ. ಇರುವೆಗಳ ಚಲನೆಯನ್ನು ಅನುಕರಿಸುವ ಪ್ರಯೋಗದಲ್ಲಿ ಇರುವೆಯನ್ನು ಕ್ಲಾಸ್ (ವಸ್ತುವಿಗೆ ಯಾವ ಅಂಶಗಳಿವೆ ಎಂದು ಹೇಳುವ ನಮೂನೆ) ಆಗಿ ಬರೆದಿದ್ದಾಗ, ಓಟದ ನಡುವೆ ಅದಕ್ಕೆ ವಯಸ್ಸು ಎಂಬ ಹೊಸ ಅಂಶ ಸೇರಿಸಿದರೆ ಆಗಲೇ ಹುಟ್ಟಿದ್ದ ಇರುವೆಗಳಿಗೂ ಅದು ತಾನಾಗಿ ದಕ್ಕಿತು. ವೇಗಕ್ಕೆಂದು ಅದನ್ನೇ ಸ್ಟ್ರಕ್ಟ್ ಎಂಬ ಹೆಚ್ಚು ಬಿಗಿಯಾದ ನಮೂನೆಯಾಗಿ ಬದಲಾಯಿಸಿದ ಮೇಲೆ, ಅಂಥ ಯಾವುದೇ ಬದಲಾವಣೆಗೂ ಎಸ್‌ಬಿಸಿಎಲ್ ಅಡ್ಡ ನಿಂತು ದೋಷ ತೋರಿಸತೊಡಗಿತು. ರೂಪ ಇನ್ನೂ ನಿಲ್ಲದ ಪ್ರಯೋಗಗಳಿಗೆ ಕ್ಲಾಸ್ ಬಳಸಿ, ಸ್ಟ್ರಕ್ಟ್ ಅನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಮಾಡಿದ ಪ್ರಯೋಗವನ್ನು ಗೆಳೆಯರಿಗೆ ಕೊಡಬೇಕೆಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಇಡೀ ಮೆಮೊರಿಯನ್ನೇ ಒಂದು ಓಡಿಸಬಹುದಾದ ಕಡತವಾಗಿ ಉಳಿಸುವ ಆದೇಶವಿದೆ. ಪಡೆದವರು ಬೇರೇನನ್ನೂ ಅಳವಡಿಸಬೇಕಿಲ್ಲ. ಆದರೆ ಕಂಪೈಲರೂ ಅದರೊಳಗೇ ಇರುವುದರಿಂದ ಹತ್ತು ಸಾಲಿನ ಪ್ರೋಗ್ರಾಂ ಸಹ ಸುಮಾರು 30ರಿಂದ 40 ಮೆಗಾಬೈಟ್ ತೂಗುತ್ತದೆ. ಸಂಕುಚಿಸುವ ಸೌಲಭ್ಯ ಇದೆಯಾದರೂ ಎಲ್ಲ ಆವೃತ್ತಿಗಳಲ್ಲೂ ಅದನ್ನು ಸೇರಿಸಿರುವುದಿಲ್ಲ. ಒಂದಕ್ಕಿಂತ ಹೆಚ್ಚು ಥ್ರೆಡ್‌ಗಳು (ಒಟ್ಟಿಗೇ ನಡೆಯುವ ಕೆಲಸದ ಎಳೆಗಳು) ಓಡುತ್ತಿದ್ದರೆ ಈ ಆದೇಶ ನಡೆಯುವುದಿಲ್ಲವಾದ್ದರಿಂದ, ಸ್ಲೈಮ್ ಒಳಗಿನಿಂದ ಕೊಟ್ಟರೆ ಸಾಮಾನ್ಯವಾಗಿ ದೋಷವೇ ಸಿಗುತ್ತದೆ. ಟರ್ಮಿನಲ್‌ನಲ್ಲಿ ಬೇರೆಯಾಗಿ ಎಸ್‌ಬಿಸಿಎಲ್ ತೆರೆದು ಕೊಡಬೇಕು. ಲೈಬ್ರರಿಗಳನ್ನು ತರಲು ಕ್ವಿಕ್‌ಲಿಸ್ಪ್ ಇದೆ, ಒಂದೇ ಸಾಲಿನ ಆದೇಶದಲ್ಲಿ ಬೇಕಾದ್ದನ್ನು ಅವಲಂಬನೆಗಳ ಸಮೇತ ತಂದುಕೊಡುತ್ತದೆ. ತಂದ ಲೈಬ್ರರಿಯ ವಿವರಣೆ ಎರಡೇ ಸಾಲಿನದ್ದಾಗಿರುವುದು ಅಪರೂಪವಲ್ಲ. ಆಗ ಮೂಲ ಕೋಡನ್ನೇ ಓದಬೇಕು.

ಇಷ್ಟರ ಮೇಲೂ ನಾನು ಎಸ್‌ಬಿಸಿಎಲ್ ಬಿಟ್ಟು ಬೇರೆಡೆಗೆ ಹೋಗಿಲ್ಲ. ವಾರಕ್ಕೆ ಎರಡು ಗಂಟೆ ಬಿಡುವಿದ್ದು, ಆ ಎರಡು ಗಂಟೆಯಲ್ಲಿ ಒಂದು ವಿಚಾರವನ್ನು ಕೈಯಾರೆ ಕಟ್ಟಿ ನೋಡಬೇಕೆನ್ನುವವರಿಗೆ, ಅದರಲ್ಲೂ ಭಾಷೆಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಕುತೂಹಲವಿರುವವರಿಗೆ ಇದನ್ನು ಮನಸಾರೆ ಹೇಳುತ್ತೇನೆ. ಮೊಬೈಲ್ ಆ್ಯಪ್ ಅಥವಾ ಬ್ರೌಸರಿನಲ್ಲಿ ಓಡುವ ಆಟ ಮಾಡಬೇಕೆನ್ನುವವರು ಬೇರೆ ಸಾಧನ ನೋಡಿಕೊಳ್ಳಬೇಕು. ಶುರುಮಾಡುವವರು ಮೊದಲ ವಾರವನ್ನು ಸಂಪಾದಕದ ನಾಲ್ಕೈದು ಕೀಲಿಗಳಿಗೇ ಮೀಸಲಿಟ್ಟು, ಎರಡನೆಯ ವಾರ ಬೇಕೆಂದೇ ಇಲ್ಲದ ಫಂಕ್ಷನ್ ಒಂದನ್ನು ಕರೆದು, ಡಿಬಗರ್ ನೀಡುವ ಪ್ರತಿಯೊಂದು ಆಯ್ಕೆಯನ್ನೂ ಒಮ್ಮೆ ಒತ್ತಿ ನೋಡಲಿ.